ಹುಚ್ಚು ಬಿಡದೆ ಮದುವೆಯಾಗದು



ನಮ್ಮ ಬಿನ್ನಿಪೇಟೆಯಲ್ಲಿ ಆಹ್ವಾನಪತ್ರಿಕೆ ಮುದ್ರಿಸುವ ಪರಿಚಿತರೊಬ್ಬರು ಮೊನ್ನೆ ತಮ್ಮ ಗಣಕವನ್ನು ತೋರಿಸಿ, "ಮೇಷ್ಟ್ರೇ, ಇದನ್ನು ಗುಜರಿಗೆ ಹಾಕಬೇಕಂತೆ" ಎಂದರು. ಗಣಕವೇನೂ ಕೆಟ್ಟಿರಲಿಲ್ಲ. ವಿಂಡೋಸ್ 10ಕ್ಕಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಈ ಹಳೆಯ ಯಂತ್ರಕ್ಕೆ ಒಗ್ಗದು. ಉಚಿತವಾಗಿ ದೊರೆಯುವ ಲಿನಕ್ಸ್ ಇದರಲ್ಲಿ ಸಲೀಸಾಗಿ ನಡೆದೀತು. ಆದರೆ ಅವರು ಹಣ ತೆತ್ತು ಕೊಂಡ ಲೆಕ್ಕಪತ್ರದ ಹಾಗೂ ಪುಟವಿನ್ಯಾಸದ ತಂತ್ರಾಂಶಗಳು ವಿಂಡೋಸ್ ಬಿಟ್ಟು ಬೇರೆಲ್ಲೂ ನಡೆಯವು.

ಅವರ ಪರವಾಗಿ ತಯಾರಕರೊಬ್ಬರಿಗೆ ಪತ್ರ ಬರೆದೆ. "ಲಿನಕ್ಸ್ ಬಳಸುವವರು ತೀರ ಕಡಿಮೆ" ಎಂದು ಉತ್ತರ ಬಂತು. ತಂತ್ರಾಂಶವಿಲ್ಲವೆಂದು ಜನ ಬರುವುದಿಲ್ಲ, ಜನರಿಲ್ಲವೆಂದು ತಂತ್ರಾಂಶ ಬರುವುದಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು!

ಈ ಸಂಕಟ ಕನ್ನಡಕ್ಕೆ ಹೊಸತಲ್ಲ. 1998ರಲ್ಲಿ ಬಂದ 'ಬರಹ', ಅನಂತರ ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ', ಎರಡೂ ವಿಂಡೋಸ್‌ಗೆಂದೇ ಸಿದ್ಧವಾದವು. ಆದರೂ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಇಂದು ಲಿನಕ್ಸ್‌ನಲ್ಲೂ ಇದೆ. ವಿನ್ಯಾಸ ಬಹಿರಂಗವಾಗಿದ್ದುದರಿಂದ ಆಸಕ್ತರು ಅದನ್ನು ಅಳವಡಿಸಬಲ್ಲವರಾದರು. ವಾಣಿಜ್ಯ ತಂತ್ರಾಂಶದ ಮೂಲ ಆಕರವಾದರೋ ಬೀಗದೊಳಗಿರುತ್ತದೆ. ಅದನ್ನು ಮಾಲೀಕರೇ ತೆರೆದು ಕೆಲಸ ಮಾಡಬೇಕು. ಆದ್ದರಿಂದಲೇ ಅವರ ಮನವೊಲಿಸುವುದು ಅನಿವಾರ್ಯ.

ಬಳಕೆದಾರರೇ ಇಲ್ಲವೆಂಬುದೂ ಪೂರ್ಣ ಸತ್ಯವಲ್ಲ. ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸ್‌ನಲ್ಲೇ ಗಣಕ ಕಲಿಸುತ್ತಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಹಾಗೆಯೇ ಕಲಿಯುತ್ತಿದ್ದಾರೆ. ಇವರು ನಾಳೆ ಅಂಗಡಿ, ಕಚೇರಿ ನಡೆಸುವವರಲ್ಲವೇ?

ಕಂಪನಿಗಳ ಅಳುಕು ನನಗೆ ಅರ್ಥವಾಗುತ್ತದೆ. ಲಿನಕ್ಸ್‌ನಲ್ಲಿ ಹತ್ತಾರು ಬಗೆ. ಎಲ್ಲವನ್ನೂ ಪರೀಕ್ಷಿಸಿ ನೆರವು ನೀಡುವುದು ದುಬಾರಿ. ಎಲ್ಲವೂ ಬೇಡ, ಉಬುಂಟುವಿನ ದೀರ್ಘಾವಧಿ ಆವೃತ್ತಿಯೊಂದೇ ಸಾಕು. ಅದೂ ಆಗದಿದ್ದರೆ, ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ನಡೆಸುವ 'ವೈನ್'ನಲ್ಲಿ ಪರೀಕ್ಷಿಸಿ ಫಲಿತಾಂಶ ತಿಳಿಸಲಿ. ವಾಲ್ವ್ ಕಂಪನಿ 2018ರಲ್ಲಿ ವೈನ್ ಆಧರಿಸಿದ 'ಪ್ರೋಟಾನ್' ಹೊರತಂದ ಮೇಲೆ ವಿಂಡೋಸ್‌ಗೆಂದು ಬರೆದ ಸಾವಿರಾರು ಆಟಗಳು ಲಿನಕ್ಸ್‌ನಲ್ಲಿ ನಡೆಯುತ್ತಿವೆ. ಆಟಕ್ಕೆ ಸಾಧ್ಯವಾದದ್ದು ಜಮಾಖರ್ಚಿಗೆ ಅಸಾಧ್ಯವೇ?

ನಮ್ಮ ಕಡೆಯಿಂದಲೂ ತಪ್ಪಿದೆ. ಲಿನಕ್ಸ್ ಎಂದರೆ ಎಲ್ಲವೂ ಪುಕ್ಕಟೆ ಸಿಗಬೇಕೆಂಬ ಭಾವನೆ ಬೆಳೆದಿದೆ. ಬೈದು ಬರೆದ ನೂರು ಪತ್ರಗಳಿಗಿಂತ, "ಬೆಲೆ ಕೊಟ್ಟು ಕೊಳ್ಳುತ್ತೇನೆ, ನನಗೆ ಇಷ್ಟು ಪ್ರತಿ ಬೇಕು" ಎನ್ನುವ ಹತ್ತು ಪತ್ರಗಳಿಗೆ ತೂಕ ಹೆಚ್ಚು.

ನಿಮ್ಮಲ್ಲಿ ಹಲವರು ತಂತ್ರಾಂಶ ಕಂಪನಿಗಳಲ್ಲಿದ್ದೀರಿ. ಮುಂದಿನ ಸಭೆಯಲ್ಲಿ ಈ ಪ್ರಶ್ನೆಯನ್ನೊಮ್ಮೆ ಎತ್ತಿರಿ. ಅಂಗಡಿ, ಶಾಲೆ ನಡೆಸುವವರು ಕೊಳ್ಳುವ ಮುನ್ನ "ಲಿನಕ್ಸ್‌ನಲ್ಲಿ ನಡೆಯುವುದೇ?" ಎಂದು ಕೇಳಿರಿ. ತರಗತಿಯಲ್ಲಿ ಕೈಯೆತ್ತಲು ಹಿಂಜರಿಯುತ್ತಿದ್ದವರಿಗೂ ಈ ಮೇಷ್ಟರ ವಿನಂತಿ ಇದೇ.

ಶುಭವಾಗಲಿ.