ಯಜಮಾನನಿಲ್ಲದ ನಾಣ್ಯ

ಖಾನಾಪುರದ ಕಡೆಯ ಹಳ್ಳಿಯಿಂದ ದಿನವೂ ಬಸ್ಸು ಹಿಡಿದು ಬೆಳಗಾವಿಯ ಕಾಲೇಜಿಗೆ ಹೋಗಿಬರುವ ಒಬ್ಬ ಹುಡುಗ. ಭತ್ತ ಮಾರಿ ಬಂದ ಹಣದಲ್ಲಿ ಇಪ್ಪತ್ತು ಸಾವಿರ ರೂಪಾಯಿಯನ್ನು ಅವನ ಮುಂದಿನ ಫೀಗೆಂದು ಅಪ್ಪ ಟ್ರಂಕಿನಲ್ಲಿ ತೆಗೆದಿಟ್ಟಿದ್ದಾನೆ. ಒಂದು ಸಂಜೆ ಹುಡುಗ ಮೊಬೈಲು ಹಿಡಿದು ಅಪ್ಪನ ಮುಂದೆ ಬಂದು ನಿಲ್ಲುತ್ತಾನೆ. ಇಂಥ ದೃಶ್ಯವನ್ನು ಊಹಿಸಿಕೊಳ್ಳುವುದು ಈಗ ಕಷ್ಟವಲ್ಲ.

"ಅಪ್ಪಾ, ಆ ರೊಕ್ಕ ಬಿಟ್‌ಕಾಯಿನ್‌ದಾಗ ಹಾಕೂಣು. ಫೀ ಕಟ್ಟೂದರೊಳಗ ಡಬಲ್ ಆಗತೈತಿ."

ಅಪ್ಪನಿಗೆ ಕಂಪ್ಯೂಟರ್ ಗೊತ್ತಿಲ್ಲ. ಆದರೆ ಸಂತೆ ಗೊತ್ತು. ಅವನು ಮೂರೇ ಪ್ರಶ್ನೆ ಕೇಳುತ್ತಾನೆ.

"ಆ ನಾಣ್ಯ ಮಾಡಿದವರು ಯಾರಪಾ? ಖಾನಾಪುರ ಪ್ಯಾಟ್ಯಾಗ ಕೊಟ್ಟರ ಅದಕ್ಕ ಒಂದ್ ಕಿಲೋ ಸಕ್ಕರಿ ಕೊಡತಾರೇನು? ಕಳಕೊಂಡರ ಯಾರನ್ನ ಹೋಗಿ ಕೇಳೂದು?"

ಹುಡುಗ ಸುಮ್ಮನಾಗುತ್ತಾನೆ. ಅದರಲ್ಲಿ ನಾಚಿಕೆಪಡಬೇಕಾದ್ದೇನೂ ಇಲ್ಲ. ಜಗತ್ತಿನ ರಿಸರ್ವ್ ಬ್ಯಾಂಕುಗಳೂ ನ್ಯಾಯಾಲಯಗಳೂ ಹತ್ತು ಹದಿನೈದು ವರ್ಷಗಳಿಂದ ಚರ್ಚಿಸುತ್ತಿರುವುದು ಈ ಮೂರು ಪ್ರಶ್ನೆಗಳನ್ನೇ. ಒಂದೊಂದಾಗಿ ನೋಡೋಣ.

ಮಾಡಿದವರು ಯಾರು?

ಖಾನಾಪುರ ತಾಲ್ಲೂಕಿನ ಹಲಸಿಗೆ ಹೋದವರು ಭೂವರಾಹ ನರಸಿಂಹ ದೇವಾಲಯವನ್ನು ನೋಡಿರುತ್ತಾರೆ. ಎಂಟು ಶತಮಾನಗಳಿಗೂ ಹಿಂದೆ ಇದು ಗೋವೆಯ ಕದಂಬರ ಇನ್ನೊಂದು ರಾಜಧಾನಿಯಾಗಿತ್ತು. ಅವರ ಚಿನ್ನದ ನಾಣ್ಯಗಳ ಮೇಲೆ ಸಿಂಹದ ಚಿತ್ರವಿದೆ, ಸಪ್ತಕೋಟೇಶ್ವರನ ಹೆಸರಿದೆ. ಅಂದಿನ ವ್ಯಾಪಾರಿ ಆ ನಾಣ್ಯವನ್ನು ನಂಬಿದ್ದಕ್ಕೆ ಎರಡು ಕಾರಣ. ಒಂದು, ಅದರಲ್ಲಿನ ಚಿನ್ನ. ಎರಡು, ಅದರ ಮೇಲಿನ ರಾಜಮುದ್ರೆ.

ಇಂದಿನ ನೋಟಿನಲ್ಲಿ ಚಿನ್ನವಿಲ್ಲ. ಅದು ಕಾಗದ. ಅದರ ಹಿಂದಿರುವುದು 1935ರ ಏಪ್ರಿಲ್ 1ರಂದು ಕೆಲಸ ಆರಂಭಿಸಿದ ಭಾರತೀಯ ರಿಸರ್ವ್ ಬ್ಯಾಂಕಿನ ಮಾತು, ಆ ಮಾತಿನ ಹಿಂದಿರುವುದು ಸರ್ಕಾರ. ಅಂದರೆ ಚಿನ್ನ ಹೋಯಿತು, ಮುದ್ರೆ ಉಳಿಯಿತು.

ಬಿಟ್‌ಕಾಯಿನ್‌ನಲ್ಲಿ ಚಿನ್ನವೂ ಇಲ್ಲ, ಮುದ್ರೆಯೂ ಇಲ್ಲ. 2008ರ ಅಕ್ಟೋಬರ್ 31ರಂದು ಸತೋಶಿ ನಕಾಮೊಟೊ ಎಂಬ ಹೆಸರಿನಲ್ಲಿ ಒಂಬತ್ತು ಪುಟಗಳ ಒಂದು ಲೇಖನ ಪ್ರಕಟವಾಯಿತು. ಆ ಹೆಸರಿನ ಹಿಂದೆ ಇರುವವರು ಯಾರೆಂದು ಇಂದಿಗೂ ಸಿದ್ಧವಾಗಿಲ್ಲ. 2009ರ ಜನವರಿ 3ರಂದು ಆ ಲೇಖನದ ಪ್ರಕಾರ ಲೆಕ್ಕದ ಮೊದಲ ಪುಟ ತೆರೆಯಿತು. ಹಾಗಾದರೆ ನಂಬಿಕೆ ಎಲ್ಲಿಂದ ಬಂತು?

ಭಿಶಿಯ ವಹಿ

ಬೆಳಗಾವಿಯ ಗಲ್ಲಿಗಳಲ್ಲಿ ಭಿಶಿ ಹಾಕದ ಮನೆ ಕಡಿಮೆ. ಹತ್ತು ಹನ್ನೆರಡು ಜನ ಸೇರಿ ತಿಂಗಳಿಗಿಷ್ಟು ಎಂದು ಹಣ ಹಾಕುತ್ತಾರೆ. ಒಬ್ಬೊಬ್ಬರ ಸರದಿ ಬಂದಾಗ ಒಟ್ಟು ಮೊತ್ತ ಅವರಿಗೆ. ಸಾಮಾನ್ಯವಾಗಿ ಲೆಕ್ಕದ ವಹಿ ಒಬ್ಬರ ಕೈಯಲ್ಲಿರುತ್ತದೆ. ಅವರು ಪ್ರಾಮಾಣಿಕರಾಗಿದ್ದರೆ ಎಲ್ಲ ಸರಿ, ಇಲ್ಲದಿದ್ದರೆ ಜಗಳ.

ಈಗ ಪದ್ಧತಿ ಬದಲಿಸೋಣ. ಹನ್ನೆರಡು ಜನರ ಬಳಿಯೂ ಒಂದೊಂದು ವಹಿ. ಯಾರು ಯಾರಿಗೆ ಎಷ್ಟು ಕೊಟ್ಟರೂ ಹನ್ನೆರಡು ವಹಿಗಳಲ್ಲೂ ಬರೆಯಬೇಕು. ಒಬ್ಬರು ರಾತ್ರಿ ಕೂತು ತಮ್ಮ ವಹಿಯನ್ನು ತಿದ್ದಿದರೆ ಉಳಿದ ಹನ್ನೊಂದು ವಹಿಗಳು ಅವರನ್ನು ಹಿಡಿದುಕೊಡುತ್ತವೆ. ಈ ಲೆಕ್ಕಕ್ಕೆ ಯಜಮಾನ ಬೇಕಿಲ್ಲ. ಬಿಟ್‌ಕಾಯಿನ್ ಎಂದರೆ ಜಗತ್ತಿನಾದ್ಯಂತ ಸಾವಿರಾರು ಕಂಪ್ಯೂಟರುಗಳಲ್ಲಿ ಏಕಕಾಲಕ್ಕೆ ಬರೆಯುವ ಇಂಥ ಒಂದು ವಹಿ. ಅದರ ಪುಟಗಳು ಸರಪಳಿಯಂತೆ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ. ಆದ್ದರಿಂದ ಅದಕ್ಕೆ ಬ್ಲಾಕ್‌ಚೈನ್ ಎಂದು ಹೆಸರು.

ಆ ಕೊಂಡಿ ಯಾವುದು? ರವಿವಾರ ಪೇಟೆಯ ವ್ಯಾಪಾರಿ ಕಿರ್ದಿ ಬರೆಯುವಾಗ ಹಿಂದಿನ ಪುಟದ ಮೊತ್ತವನ್ನು ಹೊಸ ಪುಟದ ತಲೆಯಲ್ಲಿ ಬರೆಯುತ್ತಾನೆ. ಮೊದಲ ಪುಟದಲ್ಲಿ 250, 400, 175 ಇದ್ದರೆ ಮೊತ್ತ 825. ಎರಡನೆಯ ಪುಟ 825ರಿಂದಲೇ ಆರಂಭ. ಅದಕ್ಕೆ 300, 120 ಸೇರಿದರೆ 1245. ಯಾರಾದರೂ ಮೊದಲ ಪುಟದ 400ನ್ನು 500 ಮಾಡಿದರೆ ಮುಂದಿನ ಎಲ್ಲ ಪುಟಗಳೂ ತಪ್ಪುತ್ತವೆ.

ಆದರೆ ಜಾಣ ಕಳ್ಳ 400ನ್ನು 500 ಮಾಡಿ, 175ನ್ನು 75 ಮಾಡಿದರೆ? ಮೊತ್ತ ಮತ್ತೆ 825! ಕೂಡುವ ಲೆಕ್ಕ ಸಾಲದು ಎಂದಾಯಿತು. ಆದ್ದರಿಂದ ಬಿಟ್‌ಕಾಯಿನ್ ಬಳಸುವುದು ಎಸ್‌ಎಚ್‌ಎ-256 ಎಂಬ ಗಣಿತ ವಿಧಾನ. ಎಷ್ಟೇ ದೊಡ್ಡ ಬರಹವನ್ನು ಕೊಟ್ಟರೂ ಅದು 256 ಬಿಟ್‌ಗಳ ಒಂದು ಗುರುತನ್ನು ಕೊಡುತ್ತದೆ. ಬರಹದಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ಪ್ರತಿ ಪುಟದ ತಲೆಯಲ್ಲಿ ಹಿಂದಿನ ಪುಟದ ಈ ಗುರುತು ಇರುತ್ತದೆ.

ಹೊಸ ಪುಟ ಸೇರಿಸಲು ಕಂಪ್ಯೂಟರುಗಳ ನಡುವೆ ಪಂದ್ಯವೇ ನಡೆಯುತ್ತದೆ. ನಿಗದಿತ ಮಿತಿಗಿಂತ ಚಿಕ್ಕದಾದ ಗುರುತು ಸಿಗುವವರೆಗೆ ಸಂಖ್ಯೆಗಳನ್ನು ಊಹಿಸುತ್ತಾ ಹೋಗಬೇಕು. ಸರಾಸರಿ ಹತ್ತು ನಿಮಿಷಕ್ಕೆ ಒಬ್ಬರು ಗೆಲ್ಲುತ್ತಾರೆ. ಗೆದ್ದವರಿಗೆ ಹೊಸ ಬಿಟ್‌ಕಾಯಿನ್ ಬಹುಮಾನ. ಇದಕ್ಕೇ ಗಣಿಗಾರಿಕೆ ಎನ್ನುವುದು. ಇಲ್ಲಿ ಅಗೆಯುವುದು ಮಣ್ಣನ್ನಲ್ಲ, ಸಂಖ್ಯೆಗಳನ್ನು. ಸವೆಯುವುದು ಗುದ್ದಲಿಯಲ್ಲ, ವಿದ್ಯುತ್ತು. ಹಳೆಯ ಪುಟ ತಿದ್ದಬೇಕೆನ್ನುವವನು ಅಲ್ಲಿಂದ ಮುಂದಿನ ಎಲ್ಲ ಪುಟಗಳ ಕೆಲಸವನ್ನೂ ಹೊಸದಾಗಿ ಮಾಡಿ, ಉಳಿದ ಜಗತ್ತನ್ನು ಹಿಂದೆ ಹಾಕಬೇಕು.

ಹತ್ತನೆಯ ತರಗತಿಯ ಮಕ್ಕಳಿಗೆ ಒಂದು ಲೆಕ್ಕ. ಆರಂಭದಲ್ಲಿ ಪ್ರತಿ ಪುಟಕ್ಕೆ ಬಹುಮಾನ 50. ಪ್ರತಿ 2,10,000 ಪುಟಗಳಿಗೊಮ್ಮೆ ಅದು ಅರ್ಧವಾಗುತ್ತದೆ. ಇದಕ್ಕೆ ಸುಮಾರು ನಾಲ್ಕು ವರ್ಷ ಬೇಕು. 2012ರಲ್ಲಿ 25, 2016ರಲ್ಲಿ 12.5, 2020ರಲ್ಲಿ 6.25, 2024ರ ಏಪ್ರಿಲ್‌ನಲ್ಲಿ 3.125 ಆಯಿತು. ಹಾಗಾದರೆ ಕೊನೆಗೆ ಒಟ್ಟು ಎಷ್ಟು ನಾಣ್ಯ? 1 + 1/2 + 1/4 + 1/8 ಎಂದು ಕೂಡುತ್ತಾ ಹೋದರೆ ಮೊತ್ತ 2ನ್ನು ಸಮೀಪಿಸುತ್ತದೆ. ಆದ್ದರಿಂದ 50 × 2,10,000 × 2 = 2 ಕೋಟಿ 10 ಲಕ್ಷ. ಅದಕ್ಕಿಂತ ಹೆಚ್ಚು ಹುಟ್ಟುವುದಿಲ್ಲ.

ಬಿಟ್‌ಕಾಯಿನ್ ಪರವಾದವರು ಎತ್ತಿ ಹಿಡಿಯುವುದು ಇದನ್ನೇ. ಸರ್ಕಾರ ಬೇಕೆಂದಾಗ ನೋಟು ಅಚ್ಚು ಹಾಕಬಹುದು, ಬೇಡವೆಂದಾಗ ರದ್ದು ಮಾಡಬಹುದು. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿ ನೋಟುಗಳು ರದ್ದಾದದ್ದನ್ನೂ, ಮರುದಿನಗಳ ಬ್ಯಾಂಕಿನ ಸಾಲುಗಳನ್ನೂ ಪಾಲಕರು ಮರೆತಿರಲಾರರು. ಬಿಟ್‌ಕಾಯಿನ್‌ಗೆ ಅಂಥ ಭಯವಿಲ್ಲ ಎಂಬುದು ಅವರ ವಾದ. ವಾದದಲ್ಲಿ ಹುರುಳಿದೆ.

ಸಕ್ಕರೆ ಸಿಗುತ್ತದೆಯೇ?

2010ರ ಮೇ 22ರಂದು ಅಮೆರಿಕದ ಫ್ಲಾರಿಡಾದಲ್ಲಿ ಒಬ್ಬರು 10,000 ಬಿಟ್‌ಕಾಯಿನ್ ಕೊಟ್ಟು ಎರಡು ಪಿಜ್ಜಾ ತರಿಸಿಕೊಂಡರು. ಇಂದು ಆ ಕಥೆ ಕೇಳಿದವರೆಲ್ಲ ಅಯ್ಯೋ ಎನ್ನುತ್ತಾರೆ. ಆ ಉದ್ಗಾರದಲ್ಲೇ ಒಂದು ಪಾಠವಿದೆ. ನಾಳೆ ಬೆಲೆ ಏರುತ್ತದೆ ಎಂದು ನಂಬಿದವನು ಇಂದು ಅದನ್ನು ಕೊಟ್ಟು ಸಕ್ಕರೆ ಕೊಳ್ಳುವುದಿಲ್ಲ. ನಾಳೆ ಇಳಿಯುತ್ತದೆ ಎಂಬ ಭಯವಿದ್ದರೆ ಅಂಗಡಿಯವನು ಅದನ್ನು ತೆಗೆದುಕೊಳ್ಳುವುದಿಲ್ಲ. 2021ರ ನವೆಂಬರ್‌ನಲ್ಲಿ ಒಂದು ಬಿಟ್‌ಕಾಯಿನ್ ಬೆಲೆ 69 ಸಾವಿರ ಡಾಲರ್ ಸಮೀಪಕ್ಕೆ ಏರಿತ್ತು. ಮರುವರ್ಷ ಅದೇ ತಿಂಗಳು 16 ಸಾವಿರಕ್ಕಿಂತ ಕೆಳಗೆ ಬಿತ್ತು. ನಮ್ಮ ಖಾನಾಪುರದ ಹುಡುಗ ಆ ಶಿಖರದಲ್ಲಿ ಇಪ್ಪತ್ತು ಸಾವಿರ ರೂಪಾಯಿ ಹಾಕಿದ್ದರೆ, ವರ್ಷದ ನಂತರ ಫೀ ಕಟ್ಟಲು ಹೋದಾಗ ಕೈಯಲ್ಲಿ ಐದು ಸಾವಿರದ ಆಸುಪಾಸು ಮಾತ್ರ ಇರುತ್ತಿತ್ತು. ಅದಾದ ಮೇಲೆ ಬೆಲೆ ಮತ್ತೆ ಏರಿದ್ದು ನಿಜ. ಆದರೆ ಕಾಲೇಜಿನ ಫೀ ಕಟ್ಟುವ ಕೊನೆಯ ದಿನ ಕಾಯುವುದಿಲ್ಲ.

ವೇಗದ ಮಾತೂ ಇದೆ. ಬಿಟ್‌ಕಾಯಿನ್ ಮೂಲ ವಹಿ ಸೆಕೆಂಡಿಗೆ ಸುಮಾರು 7 ವ್ಯವಹಾರಗಳನ್ನು ಮಾತ್ರ ಬರೆದುಕೊಳ್ಳಬಲ್ಲದು. ನಮ್ಮ ಯುಪಿಐ ಆರಂಭವಾದದ್ದು 2016ರಲ್ಲಿ. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಅದರ ಮೂಲಕ 2,000 ಕೋಟಿಗೂ ಹೆಚ್ಚು ವ್ಯವಹಾರ ನಡೆದವು. ಭಾಗಿಸಿ ನೋಡಿದರೆ ಸೆಕೆಂಡಿಗೆ 7,400ಕ್ಕೂ ಮಿಗಿಲು. ಖಾನಾಪುರದ ಚಹಾದಂಗಡಿಯಲ್ಲಿ ಹತ್ತು ರೂಪಾಯಿ ಕೊಡಲು ಯಾವುದು ಸುಲಭವೆಂದು ಬೇರೆ ಹೇಳಬೇಕಿಲ್ಲ.

ಒಂದು ದೇಶವೇ ಪ್ರಯೋಗ ಮಾಡಿ ನೋಡಿತು. ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ 2021ರ ಸೆಪ್ಟೆಂಬರ್ 7ರಿಂದ ಬಿಟ್‌ಕಾಯಿನ್ ಅನ್ನು ಅಧಿಕೃತ ಹಣವೆಂದು ಘೋಷಿಸಿತು. 2025ರ ಆರಂಭದಲ್ಲಿ ಕಾನೂನು ತಿದ್ದಿ, ಅಂಗಡಿಯವರು ಅದನ್ನು ಸ್ವೀಕರಿಸಲೇಬೇಕೆಂಬ ಕಡ್ಡಾಯವನ್ನು ತೆಗೆದುಹಾಕಿತು.

ಯಾರನ್ನು ಕೇಳುವುದು?

ಭಾರತದಲ್ಲಿ ರಿಸರ್ವ್ ಬ್ಯಾಂಕ್ ಮೊದಲ ಎಚ್ಚರಿಕೆ ಕೊಟ್ಟದ್ದು 2013ರ ಡಿಸೆಂಬರ್‌ನಲ್ಲಿ. 2018ರ ಏಪ್ರಿಲ್ 6ರಂದು ಅದು ಒಂದು ಸುತ್ತೋಲೆ ಹೊರಡಿಸಿ, ಇಂಥ ನಾಣ್ಯಗಳ ವ್ಯಾಪಾರಿಗಳಿಗೆ ಬ್ಯಾಂಕುಗಳು ಸೇವೆ ಕೊಡಕೂಡದು ಎಂದಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕರ್ನಾಟಕದ್ದೇ ಆದ ಯುನೊಕಾಯಿನ್ ಕಂಪನಿ ಬೆಂಗಳೂರಿನ ಮಾಲ್ ಒಂದರಲ್ಲಿ ಬಿಟ್‌ಕಾಯಿನ್ ಎಟಿಎಂ ಇರಿಸಿತು. ಕೆಲವೇ ದಿನಗಳಲ್ಲಿ ಪೊಲೀಸರು ಆ ಯಂತ್ರವನ್ನು ವಶಪಡಿಸಿಕೊಂಡು, ಕಂಪನಿಯ ಇಬ್ಬರು ಸ್ಥಾಪಕರನ್ನು ಬಂಧಿಸಿದರು. ನಿಯಮ ಯಾವುದೆಂದು ಜನರಿಗೂ ಸ್ಪಷ್ಟವಿಲ್ಲದಿದ್ದ ಕಾಲ ಅದು.

ವಿವಾದ ಸುಪ್ರೀಂ ಕೋರ್ಟಿಗೆ ಹೋಯಿತು. 2020ರ ಮಾರ್ಚ್ 4ರಂದು ಮೂವರು ನ್ಯಾಯಮೂರ್ತಿಗಳ ಪೀಠ ಆ ಸುತ್ತೋಲೆಯನ್ನು ರದ್ದು ಮಾಡಿತು. ಈ ವಿಷಯದಲ್ಲಿ ಕ್ರಮ ಕೈಗೊಳ್ಳುವ ಅಧಿಕಾರ ರಿಸರ್ವ್ ಬ್ಯಾಂಕಿಗೆ ಇದೆ. ಆದರೆ ತನ್ನ ಅಧೀನದ ಬ್ಯಾಂಕುಗಳಿಗೆ ಆದ ಹಾನಿಯನ್ನು ಅದು ತೋರಿಸಿಲ್ಲ, ಆದ್ದರಿಂದ ಇಷ್ಟು ಕಠಿಣ ಕ್ರಮ ಪ್ರಮಾಣ ಮೀರಿದ್ದು ಎಂಬುದು ತೀರ್ಪಿನ ಸಾರ. ಕಡ್ಡಿ ಕೊಂಡುಹೋದವನಿಗೆ ಗುಡ್ಡದಷ್ಟು ಶಿಕ್ಷೆ ಸಲ್ಲದು ಎಂಬ ತತ್ತ್ವ.

ನಂತರ ಸರ್ಕಾರ ತೆರಿಗೆಯ ದಾರಿ ಹಿಡಿಯಿತು. 2022ರ ಬಜೆಟ್ ಇಂಥ ಆಸ್ತಿಯ ಲಾಭದ ಮೇಲೆ ಶೇಕಡಾ 30 ತೆರಿಗೆ ವಿಧಿಸಿತು. ಆ ವರ್ಷದ ಜುಲೈ 1ರಿಂದ ಮಾರಾಟದ ಮೊತ್ತದಲ್ಲೇ ಶೇಕಡಾ 1ನ್ನು ಮುಂಚಿತವಾಗಿ ಕಡಿಯುವ ಪದ್ಧತಿ ಬಂತು. 20,000ಕ್ಕೆ ಕೊಂಡು 30,000ಕ್ಕೆ ಮಾರಿದರೆ 10,000 ಲಾಭದಲ್ಲಿ 3,000 ತೆರಿಗೆ, ಮೇಲೆ ಉಪಕರ. ಇನ್ನೊಂದು ನಾಣ್ಯದಲ್ಲಿ ಅಷ್ಟೇ ನಷ್ಟವಾಗಿದ್ದರೂ ಅದನ್ನು ಇದರಲ್ಲಿ ಕಳೆಯುವಂತಿಲ್ಲ. 2023ರ ಮಾರ್ಚ್ 7ರಂದು ಈ ವ್ಯಾಪಾರವನ್ನು ಅಕ್ರಮ ಹಣ ತಡೆ ಕಾಯ್ದೆಯ ವ್ಯಾಪ್ತಿಗೂ ತರಲಾಯಿತು. ತೆರಿಗೆ ಕಟ್ಟಿಸಿಕೊಂಡ ಮಾತ್ರಕ್ಕೆ ಅದು ರೂಪಾಯಿಯಂತೆ ಚಲಾವಣೆಯ ಹಣವಾಗಲಿಲ್ಲ ಎಂಬುದನ್ನು ಗಮನಿಸಬೇಕು.

ಇನ್ನು ಕಳೆದುಕೊಂಡರೆ? ಈ ನಾಣ್ಯಕ್ಕೆ ಒಂದು ಗುಪ್ತ ಬೀಗದ ಕೈ ಇರುತ್ತದೆ. ಅದನ್ನು ಸಾಮಾನ್ಯವಾಗಿ 12 ಅಥವಾ 24 ಪದಗಳ ಸಾಲಾಗಿ ಬರೆದಿಟ್ಟುಕೊಳ್ಳುತ್ತಾರೆ. ಆ ಚೀಟಿ ಒಲೆಗೆ ಬಿದ್ದರೆ ನಾಣ್ಯವೂ ಒಲೆಗೆ ಬಿದ್ದಂತೆ. ಬ್ಯಾಂಕಿನ ಮ್ಯಾನೇಜರ್ ಇಲ್ಲ, ಅರ್ಜಿ ಇಲ್ಲ. ಬೀಗದ ಕೈಯನ್ನು ಕಂಪನಿಯ ಬಳಿ ಇಟ್ಟರೂ ನಿಶ್ಚಿಂತೆಯಿಲ್ಲ. 2024ರ ಜುಲೈನಲ್ಲಿ ವಜೀರ್‌ಎಕ್ಸ್ ಎಂಬ ಭಾರತದ ವ್ಯಾಪಾರ ತಾಣದಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ನಾಣ್ಯಗಳು ಕಳುವಾದವು. ಯಜಮಾನನಿಲ್ಲದ ಸ್ವಾತಂತ್ರ್ಯಕ್ಕೆ ಬೆಲೆ ಇದು: ಕಿತ್ತುಕೊಳ್ಳುವವನೂ ಇಲ್ಲ, ಕೊಡಿಸುವವನೂ ಇಲ್ಲ.

ರಿಸರ್ವ್ ಬ್ಯಾಂಕ್ ತನ್ನದೇ ಡಿಜಿಟಲ್ ರೂಪಾಯಿಯನ್ನೂ ಹೊರತಂದಿದೆ. ಜನಸಾಮಾನ್ಯರ ಬಳಕೆಯ ಪ್ರಯೋಗ 2022ರ ಡಿಸೆಂಬರ್ 1ರಂದು ಆರಂಭವಾದ ನಾಲ್ಕು ನಗರಗಳಲ್ಲಿ ಬೆಂಗಳೂರೂ ಒಂದು. ಮೊಬೈಲ್ ಜಾಲ ಸಿಗದ ಕಡೆಯೂ ನಡೆಯುವಂತೆ ಅದನ್ನು ರೂಪಿಸುವುದಾಗಿ 2024ರ ಫೆಬ್ರುವರಿಯಲ್ಲಿ ಬ್ಯಾಂಕ್ ಪ್ರಕಟಿಸಿತು. ಖಾನಾಪುರದ ಕಾಡಂಚಿನ ಹಳ್ಳಿಗಳಿಗೆ ಇದು ಮುಖ್ಯವಾದ ಮಾತು. ಆದರೆ ಇದರ ವಹಿ ರಿಸರ್ವ್ ಬ್ಯಾಂಕಿನ ಹತೋಟಿಯಲ್ಲಿದೆ. ನಮ್ಮ ಪ್ರತಿ ಖರ್ಚೂ ಅಲ್ಲಿ ಕಾಣುವಂತಾದರೆ ಗುಟ್ಟು ಎಲ್ಲಿ ಉಳಿಯಿತು ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯೂ ನ್ಯಾಯವಾದದ್ದೇ.

ಪಾಲಕರಿಗೆ ಎರಡು ಮಾತು

ಬಿಟ್‌ಕಾಯಿನ್ ಬೇರೆ, ಅದರ ಹೆಸರಿನಲ್ಲಿ ನಡೆಯುವ ಮೋಸ ಬೇರೆ. "ನಲವತ್ತು ದಿನದಲ್ಲಿ ಡಬಲ್", "ಇಬ್ಬರನ್ನು ಸೇರಿಸಿದರೆ ಕಮಿಷನ್" ಎಂಬ ಸಂದೇಶ ಮೊಬೈಲಿಗೆ ಬಂದರೆ ಅಲ್ಲಿ ನಾಣ್ಯವೂ ಇರುವುದಿಲ್ಲ, ವಹಿಯೂ ಇರುವುದಿಲ್ಲ. ಹಣ ಹೋದ ಕೂಡಲೇ 1930 ಸಂಖ್ಯೆಗೆ ಫೋನ್ ಮಾಡಬೇಕು. ತಡವಾದಷ್ಟೂ ಹಣ ಕೈಯಿಂದ ಕೈಗೆ ದಾಟಿಬಿಡುತ್ತದೆ. ಮನೆಯವರು ಬೈಯುತ್ತಾರೆಂದು ಮಕ್ಕಳು ಮುಚ್ಚಿಡುವುದರಿಂದಲೇ ಎಷ್ಟೋ ಹಣ ಮರಳಿ ಬರುವುದಿಲ್ಲ. ಆದ್ದರಿಂದ ಬೈಗುಳ ಆಮೇಲೆ, ಫೋನ್ ಮೊದಲು.

ಹಾಗೆಂದು ಮಕ್ಕಳ ಕುತೂಹಲಕ್ಕೆ ಬೀಗ ಹಾಕಬೇಕಿಲ್ಲ. ಈ ವಹಿಯ ಹಿಂದಿನ ಗಣಿತ ಅಪರೂಪದ್ದು. ಅದನ್ನು ಕಲಿಯಲು ಒಂದು ರೂಪಾಯಿಯೂ ಬೇಡ.

ಖಾನಾಪುರದ ಆ ಅಪ್ಪ ಕೊನೆಗೆ ಏನೆನ್ನಬಹುದು? "ಫೀ ರೊಕ್ಕ ಫೀಗೇ ಇರಲಿ. ನೀ ಮೊದಲ ಇದು ಹ್ಯಾಂಗ ನಡೀತೈತಿ ನನಗ ತಿಳಿಸಿ ಹೇಳು. ನನಗ ತಿಳೀತಂದರ ನಿನಗೂ ತಿಳದಂಗ."

ಈ ವಾರ ಮನೆಯಲ್ಲಿ ಮಾಡಿ ನೋಡಿ: ಮೂವರು ಗೆಳೆಯರು ಮೂರು ನೋಟ್‌ಬುಕ್ ತೆಗೆದುಕೊಳ್ಳಿ. ಪ್ರತಿಯೊಬ್ಬರಿಗೂ 100 ಹುಣಸೆ ಬೀಜ ಇದೆಯೆಂದು ಬರೆದುಕೊಂಡು, ಬೀಜ ಮುಟ್ಟದೆ ಬರೀ ಬರಹದಲ್ಲೇ ಕೊಡು-ಕೊಳ್ಳುವಿಕೆ ನಡೆಸಿ. ಪ್ರತಿ ಪುಟದ ತಲೆಯಲ್ಲಿ ಹಿಂದಿನ ಪುಟದ ಮೊತ್ತ ಬರೆಯಿರಿ. ನಂತರ ಒಬ್ಬರು ಗುಟ್ಟಾಗಿ ಒಂದು ಅಂಕಿ ತಿದ್ದಲಿ. ಉಳಿದಿಬ್ಬರು ಎಷ್ಟು ಬೇಗ ಹಿಡಿಯುತ್ತಾರೆ? ಇಬ್ಬರು ಕೂಡಿಕೊಂಡು ತಿದ್ದಿದರೆ ಏನಾಗುತ್ತದೆ? ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕವರಿಗೆ, ಲೆಕ್ಕದ ವಹಿಗಳು ಮೂರಿದ್ದರೆ ಸಾಲದು, ಸಾವಿರಾರು ಇರಬೇಕು ಏಕೆ ಎಂಬುದೂ ತಾನಾಗಿ ತಿಳಿಯುತ್ತದೆ.