ಕರಾರಿನಲ್ಲಿ ಹೆಸರಿಲ್ಲದ ಸಂಗಾತಿ

ಬೆಂಗಳೂರಿನಲ್ಲಿ ಒಬ್ಬರೇ ಬಾಡಿಗೆಗೆ ಹಿಡಿದ ಫ್ಲ್ಯಾಟಿಗೆ, ವಿವಾಹಕ್ಕೆ ಇನ್ನೂ ಒಳಪಡದ ಅಥವಾ ಒಳಪಡಲು ಇಚ್ಛಿಸದ ಸಂಗಾತಿಯೊಬ್ಬರು ವಾಸಕ್ಕೆ ಬರುವುದು ಈಗ ವಿರಳವಾದ ಸಂಗತಿಯೇನಲ್ಲ. ಇಬ್ಬರು ವಯಸ್ಕರು ಸ್ವೇಚ್ಛೆಯಿಂದ ಹಾಗೆ ಕೂಡಿ ಬಾಳುವುದು ಅಪರಾಧವಲ್ಲವೆಂಬುದನ್ನು ಸುಪ್ರೀಂ ಕೋರ್ಟು 2010ರಲ್ಲಿ, ನಟಿ ಖುಷ್ಬೂ ಅವರ ಪ್ರಕರಣದಲ್ಲಿ, ಸ್ಪಷ್ಟಪಡಿಸಿದೆ. ಅದರ ಧರ್ಮಾಧರ್ಮಗಳ ವಿಚಾರವನ್ನು ಅವರವರ ಅಂತಃಕರಣಕ್ಕೆ ಬಿಟ್ಟು, ಆ ಮನೆಯ ಹೊಸ್ತಿಲಲ್ಲೇ ಆರಂಭವಾಗುವ ಒಂದು ಮರೆಮಾಚುವಿಕೆಯನ್ನು ಮಾತ್ರ ಇಲ್ಲಿ ಪರಿಶೀಲಿಸಬಯಸುತ್ತೇನೆ. ಬಂದವರ ಹೆಸರನ್ನು ಬಾಡಿಗೆಯ ಕರಾರಿನಲ್ಲಿ ಬರೆಯಿಸದೆ, ಮಾಲೀಕರ ಮುಂದೆ ಅವರನ್ನು ಚಿಕ್ಕಪ್ಪನ ಮಗಳೆಂದೋ ದೊಡ್ಡಮ್ಮನ ಮಗನೆಂದೋ, ಅಂದರೆ ನಮ್ಮ ಬಂಧುತ್ವದ ಕ್ರಮದಲ್ಲಿ ಒಡಹುಟ್ಟಿದವರಿಗೆ ಸಮಾನರೆಂದು, ಹೇಳಿ ಪಾರಾಗುವ ಈ ಉಪಾಯವು ತತ್ಕಾಲಕ್ಕೆ ಸುಲಭವಾಗಿ ಕಂಡರೂ, ಇಬ್ಬರಲ್ಲಿ ದುರ್ಬಲರಾದವರನ್ನು ಮುಂದೆ ನಿರಾಶ್ರಿತರನ್ನಾಗಿಸತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮಲ್ಲಿ ಬಾಡಿಗೆಯ ಕರಾರು ಹನ್ನೊಂದು ತಿಂಗಳಿಗೆ ಸೀಮಿತವಾಗಿರುವುದು ವಾಡಿಕೆ; ಒಂದು ವರ್ಷವನ್ನು ಮೀರಿದ ಗುತ್ತಿಗೆಗೆ 1908ರ ನೋಂದಣಿ ಕಾಯದೆಯಂತೆ ನೋಂದಣಿ ಕಡ್ಡಾಯವಾಗಿರುವುದೇ ಅದರ ಮೂಲ. ಛಾಪಾ ಕಾಗದದ ಮೇಲೆ ಟೈಪಾಗಿ ಬರುವ ಈ ಪತ್ರಗಳ ಒಕ್ಕಣೆಯೂ ಹೆಚ್ಚುಕಡಿಮೆ ಒಂದೇ: ಸ್ವತ್ತನ್ನು ಬಾಡಿಗೆದಾರರು ಸ್ವಂತ ಕುಟುಂಬದ ವಾಸಕ್ಕೆ ಮಾತ್ರ ಉಪಯೋಗಿಸತಕ್ಕದ್ದು, ಒಳಬಾಡಿಗೆಗೆ ಕೊಡಕೂಡದು, ಬಿಡುವಾಗ ಬಣ್ಣದ ಬಾಬ್ತು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳಲಾಗುವುದು. ಕೆಳಗೆ ಒಬ್ಬರೇ ಬಾಡಿಗೆದಾರರ ಸಹಿ. ಸಂಗಾತಿ ತನ್ನ ಎರಡು ಸೂಟ್‌ಕೇಸು, ಕುಕ್ಕರು, ಪುಸ್ತಕದ ಡಬ್ಬಗಳೊಡನೆ ಬಂದು ಸೇರಿದ ತಿಂಗಳಿನಿಂದಲೇ ಬಾಡಿಗೆಯ ಅರ್ಧ, ಕರೆಂಟು ಬಿಲ್ಲಿನ ಅರ್ಧ, ಮೇಂಟೆನೆನ್ಸಿನ ಅರ್ಧ ಆಕೆಯ ಸಂಬಳದಿಂದ ಸಲ್ಲುತ್ತದೆ. ಆದರೆ ಆಕೆ ಸಂಜೆ ಕೆಲಸ ಮುಗಿಸಿ ಮರಳಿದಾಗಲೆಲ್ಲ ಗೇಟಿನ ಸೆಕ್ಯುರಿಟಿಯವರ ಮೊಬೈಲಿನಲ್ಲಿ ‘ಗೆಸ್ಟ್’ ಎಂದೇ ದಾಖಲಾಗಿ, ಒಳಗಿರುವಾತನು ತನ್ನ ಫೋನಿನಲ್ಲಿ ಅನುಮತಿಯನ್ನು ಒತ್ತುವ ತನಕ, ತರಕಾರಿಯ ಚೀಲ ಹಿಡಿದು ತಾನೇ ಬಾಡಿಗೆ ಕೊಡುವ ಮನೆಯ ಮುಂದೆ ನಿಂತಿರಬೇಕಾಗುತ್ತದೆ. ನಿವಾಸಿಗಳ ಪಟ್ಟಿಗೆ ಸೇರಿಸಿರೆಂದರೆ ಅಸೋಸಿಯೇಷನ್ನಿನವರು ಕರಾರಿನ ಪ್ರತಿಯನ್ನು ಕೇಳುವರು. ಕರಾರಿನಲ್ಲಿ ಆಕೆಯ ಹೆಸರಿಲ್ಲ.

ಹೆಸರು ಬರೆಯಿಸಲು ಹೋದರೆ ಒಳಬಾಡಿಗೆಯ ಆರೋಪ ಹೊರಿಸಿ ಮನೆ ಬಿಡಿಸುವರೆಂಬ ಭಯ ಹಲವರಲ್ಲಿದೆ. ಈ ಭಯಕ್ಕೆ ಕಾನೂನಿನಲ್ಲಿ ಆಧಾರ ಅತ್ಯಲ್ಪ. ಮನೆಯ ಸ್ವಾಧೀನವನ್ನೂ ಸ್ವಾಧೀನದ ಹಕ್ಕನ್ನೂ ಬಾಡಿಗೆದಾರನು ಪರರಿಗೆ ಬಿಟ್ಟುಕೊಟ್ಟಾಗ ಮಾತ್ರ ಸ್ವಾಧೀನ ಕೈಬಿಟ್ಟಂತಾಗುವುದೆಂದೂ, ತಾನೂ ಅಲ್ಲಿಯೇ ಇದ್ದು ಇನ್ನೊಬ್ಬರನ್ನು ಇರಿಸಿಕೊಂಡ ಮಾತ್ರಕ್ಕೆ ಹಾಗೆ ಆಗದೆಂದೂ ಸುಪ್ರೀಂ ಕೋರ್ಟು 1988ರಷ್ಟು ಹಿಂದೆಯೇ ತಿಳಿಸಿದೆ. ಆದರೆ ವಸ್ತುಸ್ಥಿತಿಯನ್ನೂ ಮರೆಯಬಾರದು: ಹನ್ನೊಂದು ತಿಂಗಳು ತುಂಬಿದ ಮೇಲೆ ಯಾವ ಕಾರಣವನ್ನೂ ಹೇಳದೆ ನವೀಕರಣವನ್ನು ನಿರಾಕರಿಸುವ ಸ್ವಾತಂತ್ರ್ಯ ಮಾಲೀಕರಿಗಿರುವುದರಿಂದ, ಆ ಭಯವು ಪೂರ್ತಿ ನಿರಾಧಾರವೆಂದು ನಾನು ಹೇಳಲಾರೆ.

ಹಾಗಿದ್ದರೂ ಮರೆಮಾಚುವಿಕೆಯ ಬೆಲೆ ಅದಕ್ಕಿಂತ ಬಹಳ ಹೆಚ್ಚಿನದು. 2005ರ ಕೌಟುಂಬಿಕ ಹಿಂಸೆ ತಡೆ ಕಾಯದೆಯು ವಿವಾಹಿತೆಗೆ ಮಾತ್ರವಲ್ಲದೆ ವಿವಾಹಸದೃಶವಾದ ಸಂಬಂಧದಲ್ಲಿರುವ ಸ್ತ್ರೀಗೂ, ಮನೆಯು ಸ್ವಂತದ್ದಾಗಿರಲಿ ಬಾಡಿಗೆಯದ್ದಾಗಿರಲಿ, ಕರಾರು ಯಾರ ಹೆಸರಿನಲ್ಲಿಯೇ ಇರಲಿ, ಕೂಡಿ ಬಾಳಿದ ಆ ಮನೆಯಲ್ಲಿ ವಾಸಿಸುವ ಹಕ್ಕನ್ನು ದಯಪಾಲಿಸಿದೆ. ಇದು ಸ್ವತಂತ್ರ ಭಾರತದ ಶಾಸನಗಳಲ್ಲಿ ಅತ್ಯಂತ ಉದಾರವಾದವುಗಳಲ್ಲಿ ಒಂದು. ಆದರೆ ಯಾವ ಸಂಬಂಧ ವಿವಾಹಸದೃಶವಾದುದೆಂಬ ಪ್ರಶ್ನೆ ಬಂದಾಗ, ಸುಪ್ರೀಂ ಕೋರ್ಟು 2010ರ ಮತ್ತೊಂದು ತೀರ್ಪಿನಲ್ಲಿ ವಿಧಿಸಿದ ಲಕ್ಷಣಗಳಲ್ಲಿ ಪ್ರಥಮವಾದುದು, ಅವರಿಬ್ಬರೂ ಸಮಾಜದ ಎದುರಿಗೆ ತಮ್ಮನ್ನು ಪತಿಪತ್ನಿಯರಂತೆ ತೋರಿಸಿಕೊಂಡಿರಬೇಕು ಎಂಬುದು. 2013ರಲ್ಲಿ, ಬೆಂಗಳೂರಿನಲ್ಲಿಯೇ ಹುಟ್ಟಿ ದಿಲ್ಲಿಯ ತನಕ ಹೋದ ವ್ಯಾಜ್ಯವೊಂದರಲ್ಲಿ, ಸಹವಾಸದ ಅವಧಿ, ಹಣಕಾಸಿನ ಒಗ್ಗೂಡಿಕೆ, ಮನೆವಾರ್ತೆಯ ಹಂಚಿಕೆ, ಬಂಧುಮಿತ್ರರೊಡನೆ ಜೊತೆಯಾಗಿ ಬೆರೆಯುವಿಕೆ ಮೊದಲಾದ ಸೂಚಕಗಳನ್ನೂ ಅದೇ ನ್ಯಾಯಾಲಯ ಸವಿಸ್ತಾರವಾಗಿ ಹೇಳಿತು. ಪುರುಷನು ಮೊದಲೇ ವಿವಾಹಿತನೆಂದು ತಿಳಿದೂ ಆತನೊಡನೆ ಬಾಳಿದ್ದರಿಂದ ಆ ಮಹಿಳೆಗೆ ಪರಿಹಾರ ಸಿಗಲಿಲ್ಲ. ಈಗ ವಿಚಾರಿಸೋಣ: ಮೂರು ವರ್ಷ ಜೊತೆಗಿದ್ದು ಒಂದು ರಾತ್ರಿ ಹೊರದೂಡಲ್ಪಟ್ಟ ಹೆಣ್ಣುಮಗಳು ಮ್ಯಾಜಿಸ್ಟ್ರೇಟರ ಮುಂದೆ ಯಾವ ಸಾಕ್ಷ್ಯವನ್ನು ಒಪ್ಪಿಸಬೇಕು? ಮಾಲೀಕರನ್ನು ಕರೆಸಿದರೆ, ಆತನ ಚಿಕ್ಕಪ್ಪನ ಮಗಳೆಂದು ತಮಗೆ ಹೇಳಿದ್ದರೆಂದು ಅವರು ಸತ್ಯವನ್ನೇ ನುಡಿಯುವರು. ಗೇಟಿನ ದಾಖಲೆಯು ಆಕೆಯನ್ನು ಅತಿಥಿಯೆನ್ನುವುದು. ಆಕೆ ಕೊಟ್ಟ ಅರ್ಧ ಬಾಡಿಗೆ ಆತನ ಖಾತೆಗೆ ಹೋಗಿದೆಯಲ್ಲದೆ ಮಾಲೀಕರ ಖಾತೆಗಲ್ಲ. ಮದುವೆಯಾಗಿದೆಯೆಂದು ಹೇಳಿದ ಸುಳ್ಳಾದರೂ ಅಂದು ಆಕೆಗೆ ಒಂದಿಷ್ಟು ಊರೆಗೋಲಾದೀತು. ಅಣ್ಣತಂಗಿಯರೆಂದು ಹೇಳಿದ ಸುಳ್ಳು ಆಕೆಯ ವಿರುದ್ಧವೇ ಸಾಕ್ಷಿ ನುಡಿಯುತ್ತದೆ.

ಹಣದ ವಿಷಯವೂ ಹೀಗೆಯೇ. ಹತ್ತು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕೇಳುವ ಪದ್ಧತಿ ಈ ನಗರದಲ್ಲಿ ಬಹುಕಾಲದಿಂದ ಬಂದದ್ದು; ವಾಸದ ಮನೆಗೆ ಎರಡು ತಿಂಗಳಿಗೆ ಮೀರಕೂಡದೆಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯದೆ ಸೂಚಿಸಿದರೂ ಅದು ಮಾದರಿಯೇ ಹೊರತು ತಾನಾಗಿ ಜಾರಿಗೆ ಬರುವ ಶಾಸನವಲ್ಲ. ಇಬ್ಬರೂ ಕೂಡಿ ದೊಡ್ಡ ಮನೆಗೆ ಹೋಗುವಾಗ ಆ ಲಕ್ಷಗಳಲ್ಲಿ ಅರ್ಧವನ್ನು ಕೊಟ್ಟವರಿಗೆ, ಅಗಲಿಕೆಯ ದಿನ ಮಾಲೀಕರಿಂದ ಕೇಳುವ ಹಕ್ಕಿರುವುದಿಲ್ಲ. ಪುರುಷನು ಸ್ತ್ರೀಯ ಮನೆಗೆ ಬಂದಾಗಲಂತೂ 2005ರ ಕಾಯದೆಯ ಆಶ್ರಯವೂ ಆತನಿಗಿಲ್ಲ.

ಮಾಲೀಕರ ಆತಂಕವನ್ನು ನಾನು ಅಲ್ಲಗಳೆಯುವುದಿಲ್ಲ. ಕೆಳಗಿನ ಮನೆಯಲ್ಲಿ ತಾವಿದ್ದು, ಮೇಲಿನ ಮನೆಯ ಬಾಡಿಗೆಯಿಂದ ಔಷಧದ ಖರ್ಚನ್ನು ತೂಗಿಸುವ ವೃದ್ಧದಂಪತಿಗಳು, ತಮ್ಮ ಮನೆಯಲ್ಲಿ ಯಾರಿದ್ದಾರೆಂದು ತಿಳಿಯಬಯಸುವುದು ಸಹಜ; ನಾಳೆ ಏನಾದರೂ ಆದರೆ ಪೊಲೀಸರು ಮೊದಲು ತಟ್ಟುವುದು ಅವರ ಬಾಗಿಲನ್ನೇ. ಆದರೆ ಆ ತಿಳಿವಳಿಕೆಯನ್ನು ಒದಗಿಸುವುದು ಕರಾರಿನಲ್ಲಿ ಬರೆದ ಎರಡನೆಯ ಹೆಸರೇ. ಜಂಟಿ ಬಾಡಿಗೆದಾರರಾಗಿ ಇಬ್ಬರೂ ಸಹಿ ಹಾಕಿ ಪೂರ್ತಿ ಬಾಡಿಗೆಗೆ ಇಬ್ಬರೂ ಹೊಣೆಯೆಂದು ಬರೆದುಕೊಟ್ಟರೆ, ಒಬ್ಬರು ಬಿಟ್ಟುಹೋದರೂ ಇನ್ನೊಬ್ಬರಿಂದ ಅದನ್ನು ವಸೂಲು ಮಾಡಬಹುದು. ಸಂಬಂಧವೇನೆಂಬ ಅಂಕಣವೇ ಆ ಪತ್ರಕ್ಕೆ ಬೇಕಿಲ್ಲ. ಹೆಸರು, ವಿಳಾಸ, ಗುರುತಿನ ದಾಖಲೆ, ಸಹಿ ಇಷ್ಟೇ ಸಾಕು.

ಸಂಬಂಧವನ್ನು ಸರಕಾರದ ಮುಂದೆಯೇ ನಮೂದಿಸುವಂತೆ ಮಾಡುವುದು ಪರಿಹಾರವೆನ್ನುವವರಿದ್ದಾರೆ. ಉತ್ತರಾಖಂಡವು 2025ರ ಜನವರಿಯಿಂದ ಜಾರಿಗೆ ತಂದ ಏಕರೂಪ ನಾಗರಿಕ ಸಂಹಿತೆಯಲ್ಲಿ ಹಾಗೆ ಮಾಡಿ, ನೋಂದಾಯಿಸದವರಿಗೆ ಮೂರು ತಿಂಗಳವರೆಗೆ ಸೆರೆವಾಸವನ್ನು ವಿಧಿಸಿದೆ. ಇಬ್ಬರು ಪ್ರಾಪ್ತವಯಸ್ಕರ ಅಂತರಂಗವನ್ನು ಕಚೇರಿಯ ಕಡತಕ್ಕೆ ಒಪ್ಪಿಸುವ ಆ ಮಾರ್ಗವನ್ನು ನಾನು ಒಪ್ಪಲಾರೆ. ಶಿಕ್ಷೆಯ ಭೀತಿಯಿಂದ ಮರೆಮಾಚುವಿಕೆ ಇಮ್ಮಡಿಯಾಗುವುದೇ ಹೊರತು ತಗ್ಗುವುದಿಲ್ಲ.

ಕರ್ನಾಟಕದ ಶಾಸಕಾಂಗ ಮಾಡಬೇಕಾದ ಕೆಲಸವೂ ಒಂದಿದೆ. 1999ರ ಬಾಡಿಗೆ ಕಾಯದೆಯು ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗೆ ಮೀರಿದ ಮನೆಗಳಿಗೆ ಅನ್ವಯಿಸುವುದೇ ಇಲ್ಲವಾದ್ದರಿಂದ, ಇಂದಿನ ಫ್ಲ್ಯಾಟುಗಳೆಲ್ಲ 1882ರ ಸ್ವತ್ತು ವರ್ಗಾವಣೆ ಕಾಯದೆಯ ಆಶ್ರಯಕ್ಕೆ ಬಿದ್ದಿವೆ. ಅನ್ವಯಿಸುವ ಅಲ್ಪಸಂಖ್ಯೆಯ ಮನೆಗಳಲ್ಲಿಯೂ, ಬಾಡಿಗೆದಾರನು ತೀರಿಕೊಂಡರೆ ಹಕ್ಕು ಮುಂದುವರಿಯುವುದು ಪತಿ ಅಥವಾ ಪತ್ನಿ, ಮಕ್ಕಳು, ತಂದೆತಾಯಿ, ವಿಧವೆಯಾದ ಸೊಸೆ ಇವರಿಗೆ ಮಾತ್ರ. ಜೊತೆಗೆ ಬಾಳಿದ ಸಂಗಾತಿಗೆ ಆ ಪಟ್ಟಿಯಲ್ಲಿ ಸ್ಥಾನವಿಲ್ಲ. ಸಲಿಂಗಿ ಜೋಡಿಗಳ ಸ್ಥಿತಿ ಇನ್ನೂ ಶೋಚನೀಯ. ಸ್ನೇಹಿತರೆಂದು ಹೇಳಿದರೆ ಅವರಿಗೆ ಮನೆ ಸುಲಭವಾಗಿ ಸಿಗುತ್ತದೆ. ಆದರೆ ಅವರ ವಿವಾಹವನ್ನು ಮಾನ್ಯ ಮಾಡಲು 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ನಿರಾಕರಿಸಿದ ಮೇಲೆ, ಒಂದೇ ಸೂರಿನ ಕೆಳಗೆ ಹತ್ತು ವರ್ಷ ಕಳೆದರೂ ಆ ಸೂರಿನ ಮೇಲೆ ಎರಡನೆಯವರಿಗಿರುವ ಹಕ್ಕಿಗೆ ಬಾಡಿಗೆಯ ಕರಾರಲ್ಲದೆ ಬೇರೆ ಆಧಾರಪತ್ರವಿಲ್ಲ. ಪಟ್ಟಿಯನ್ನು ತಿದ್ದಲು ವಿಧಾನಮಂಡಲಕ್ಕೆ ಎಷ್ಟು ವರ್ಷ ಹಿಡಿದೀತೋ ಹೇಳಬರುವುದಿಲ್ಲ. ಕರಾರಿನಲ್ಲಿ ಎರಡನೆಯ ಹೆಸರನ್ನು ಸೇರಿಸುವುದಕ್ಕೆ ಮಾತ್ರ ಮುಂದಿನ ನವೀಕರಣದ ತನಕವೂ ಕಾಯಬೇಕಾಗಿಲ್ಲ, ಮೂವರೂ ಒಪ್ಪಿ ಸಹಿ ಹಾಕಿದ ಒಂದು ಪೂರಕ ಪತ್ರ ಸಾಕು.