ಹಾಡು ತುಂಬುವ ಅಂಗಡಿಗೆ ಗೂಂಡಾ ಕಾಯಿದೆಯೇ?

ನಮ್ಮ ಮಂಠಾಳ, ಬಸವಕಲ್ಯಾಣ, ಹುಮನಾಬಾದಿನ ಕಡೆ ಮೊಬೈಲ್ ರಿಪೇರಿಯವನು ಹತ್ತಿಪ್ಪತ್ತು ರೂಪಾಯಿ ಪಡೆದು ಮೆಮೊರಿ ಕಾರ್ಡಿಗೆ ಹಾಡು, ಸಿನೆಮಾ ತುಂಬಿ ಕೊಡುವುದು ಯಾರಿಗೂ ಹೊಸ ಸಂಗತಿಯಲ್ಲ. ಗಿರಣಿಯ ಪಾಳಿ ಮುಗಿಸಿ ಬಂದ ಕಾರ್ಮಿಕ ಅದೇ ಹಾಡನ್ನು ವಾಟ್ಸಾಪಿನಲ್ಲಿ ಗೆಳೆಯನಿಗೆ ಕಳಿಸುತ್ತಾನೆ. ಅವನ ಮಗ ಹೊಸ ಸಿನೆಮಾವನ್ನು ಟೊರೆಂಟಿನಿಂದ ಇಳಿಸಿಕೊಳ್ಳುತ್ತಾನೆ. ಮೂವರೂ ಮಾಡಿದ್ದು ಒಂದೇ ಎಂದು ಜನ ತಿಳಿದಿದ್ದಾರೆ. ಕಾಯಿದೆ ಮಾತ್ರ ಹಾಗೆ ತಿಳಿದಿಲ್ಲ.

1957ರ ಕೃತಿಸ್ವಾಮ್ಯ ಕಾಯಿದೆಯ 63ನೆಯ ಕಲಮಿನ ಪ್ರಕಾರ, ಗೊತ್ತಿದ್ದೂ ಪರರ ಕೃತಿಯ ಹಕ್ಕನ್ನು ಮುರಿದವನಿಗೆ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿಯವರೆಗೆ ದಂಡ. ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲವಾದರೆ ನ್ಯಾಯಾಲಯ ತಕ್ಕ ಕಾರಣ ಬರೆದು ಶಿಕ್ಷೆಯನ್ನು ಇನ್ನೂ ತಗ್ಗಿಸಬಹುದು. ಇಲ್ಲಿಯೇ ಅಂಗಡಿಯವನಿಗೂ ಗೆಳೆಯನಿಗೆ ಕಳಿಸಿದವನಿಗೂ ವ್ಯತ್ಯಾಸ ಬೀಳುವುದು. ಹತ್ತು ರೂಪಾಯಿಯೂ ಲಾಭವೇ. ಈ ಅಪರಾಧಕ್ಕೆ ಪೋಲೀಸರು ವಾರಂಟಿಲ್ಲದೆ ಹಿಡಿಯಬಹುದು, ಜಾಮೀನು ಹಕ್ಕಿನ ಮಾತಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ.

ಟೊರೆಂಟಿನ ಸಂಗತಿಯೇ ಬೇರೆ. 'ನಾನು ಇಳಿಸಿಕೊಂಡೆ ಅಷ್ಟೇ, ಯಾರಿಗೂ ಕೊಟ್ಟಿಲ್ಲ' ಎಂದು ಹುಡುಗ ಹೇಳುತ್ತಾನೆ. ಆದರೆ ಆ ಯಂತ್ರದ ಏರ್ಪಾಟೇ ಹಾಗಿದೆ: ಸಿನೆಮಾ ತುಣುಕು ತುಣುಕಾಗಿ ಇವನ ಕಡೆ ಬರುತ್ತಿರುವಾಗಲೇ, ಬಂದ ತುಣುಕುಗಳು ಇವನ ಫೋನಿನಿಂದ ಬೇರೆಯವರಿಗೆ ಹೋಗುತ್ತಿರುತ್ತವೆ. ತಿಳಿಯದೆಯೇ ಅವನು ಹಂಚುವವನಾಗಿಬಿಡುತ್ತಾನೆ. ಇನ್ನು ಟೆಲಿಗ್ರಾಂ ಚಾನೆಲ್ಲಿನಲ್ಲಿ ಹೆಸರು ಮರೆಸಿಕೊಂಡರೆ ಸಾಕು ಎನ್ನುವವರುಂಟು. ಪರೀಕ್ಷೆಯ ತರಬೇತಿ ಪಾಠಗಳನ್ನು ಅಲ್ಲಿ ಹರಿಯಬಿಟ್ಟವರ ವಿವರ ಕೊಡಿರೆಂದು ದಿಲ್ಲಿ ಹೈಕೋರ್ಟು 2022ರಲ್ಲಿ ಆಜ್ಞೆ ಮಾಡಿದಾಗ, ಆ ಕಂಪನಿ ಹೆಸರು, ಫೋನ್ ನಂಬರುಗಳನ್ನು ಮುಚ್ಚಿದ ಲಕೋಟೆಯಲ್ಲಿ ಒಪ್ಪಿಸಿತು. ಹಾಡಿನ ಒಡೆಯರೇ ಯೂಟ್ಯೂಬಿನಲ್ಲಿ ಹಾಕಿದ್ದರ ಕೊಂಡಿಯನ್ನು ಕಳಿಸಿದರೆ ತಂಟೆಯಿಲ್ಲ. ಹಾಡನ್ನೇ ಇಳಿಸಿ ಹಂಚಿದರೆ ತಂಟೆಯುಂಟು.

ಕಲ್ಯಾಣದ ನೆಲದವರಾದ ನಾವು ಇನ್ನೊಂದನ್ನು ತಿಳಿದಿರಬೇಕು. ಶರಣರ ವಚನಗಳು ಯಾವ ಕಂಪನಿಯ ಸೊತ್ತೂ ಅಲ್ಲ. ಬರೆದುಕೊಳ್ಳಿ, ಹಾಡಿಕೊಳ್ಳಿ, ಸಾವಿರ ಜನಕ್ಕೆ ಹಂಚಿ, ಕೇಳುವವರಿಲ್ಲ. ಆದರೆ ಅದೇ ವಚನವನ್ನು ಹಾಡಿಸಿ ಮುದ್ರಿಸಿದ ಧ್ವನಿಮುದ್ರಣಕ್ಕೆ 60 ವರ್ಷ ಕಾಲ ಒಡೆಯನಿದ್ದಾನೆ. ಎಂಟು ನೂರು ವರ್ಷಗಳಿಂದ ಜನರದಾಗಿದ್ದ ಮಾತಿನ ಮೇಲೆ ಕಂಪನಿಯ ಮೊಹರು ಬೀಳುವುದು ವಿಚಿತ್ರವೇ ಸರಿ. ಹಾಡಿದವರ, ವಾದ್ಯ ನುಡಿಸಿದವರ ದುಡಿಮೆಗೆ ಕೂಲಿ ಸಲ್ಲಬೇಕೆಂಬುದರಲ್ಲಿ ಮಾತ್ರ ನಮಗೆ ಎರಡು ಮಾತಿಲ್ಲ. ಸಿನೆಮಾಕ್ಕೆ ಹಾಡು ಬರೆದವರ, ರಾಗ ಹಾಕಿದವರ ರಾಯಲ್ಟಿಯ ಪಾಲನ್ನು ಕಂಪನಿಗಳು ತಮಗೇ ಬರೆಸಿಕೊಳ್ಳಬಾರದೆಂದು 2012ರಲ್ಲಿ ಬಂದ ತಿದ್ದುಪಡಿಯನ್ನು ನಾವು ಮೆಚ್ಚುತ್ತೇವೆ.

ನಮ್ಮ ತಕರಾರು ಇರುವುದು ಬೇರೆ ಕಡೆ. ಕರ್ನಾಟಕದಲ್ಲಿ 1985ರಿಂದ ಒಂದು ಗೂಂಡಾ ಕಾಯಿದೆಯಿದೆ. ಕಳ್ಳಬಟ್ಟಿಯವರು, ಜೂಜುಕೋರರು, ಗೂಂಡಾಗಳು, ಕೊಳಚೆ ಜಾಗ ಕಬಳಿಸುವವರು, ಇಂಥವರಿಗಾಗಿ ಮಾಡಿದ್ದು. 2014ರಲ್ಲಿ ತಿದ್ದುಪಡಿ ತಂದು ಆಸಿಡ್ ದಾಳಿಕೋರರ ಸಾಲಿನಲ್ಲಿಯೇ ಹಾಡು, ಸಿನೆಮಾಗಳ ಕಳ್ಳನಕಲು ಮಾಡುವವರನ್ನೂ ಸೇರಿಸಿದರು. ಅಂದರೆ ವಿಚಾರಣೆಯಿಲ್ಲದೆ 12 ತಿಂಗಳವರೆಗೆ ಒಳಗಿಡಬಹುದು. ಹೆಣ್ಣುಮಗಳ ಮುಖಕ್ಕೆ ಆಸಿಡ್ ಎರಚಿದವನೂ, ಕಾರ್ಡಿಗೆ ಹಾಡು ತುಂಬಿದವನೂ ಒಂದೇ ತಕ್ಕಡಿಯಲ್ಲಿ! ಎಲ್ಲ ಅಂಗಡಿಕಾರರನ್ನೂ ಹೀಗೆ ಹಿಡಿಯುತ್ತಾರೆಂದು ನಾವು ಹೆದರಿಸುತ್ತಿಲ್ಲ. ಆದರೆ ಇಂಥ ಕಲಮು ಪುಸ್ತಕದಲ್ಲಿದ್ದರೆ ಸಾಕು, ಅದನ್ನು ತೋರಿಸಿ ಬಡಪಾಯಿಯ ಗಲ್ಲಾಪೆಟ್ಟಿಗೆಗೆ ಕೈ ಹಾಕುವವರು ಹುಟ್ಟಿಕೊಳ್ಳುತ್ತಾರೆ.

ದೊಡ್ಡವರಿಗೋ? ಕೋಟಿಗಟ್ಟಲೆ ಜನರ ಹಾಡು, ಸಿನೆಮಾಗಳನ್ನು ಸಾಗಿಸಿ ಜಾಹೀರಾತಿನಿಂದ ಹಣ ಮಾಡುವ ಕಂಪನಿಗಳಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 79ನೆಯ ಕಲಮು ಆಸರೆಯಾಗಿ ನಿಂತಿದೆ. ಕಾಯಿದೆಯ ಕಟ್ಟಳೆಗಳಂತೆ ನಡೆದು, ಆಜ್ಞೆ ಬಂದಾಗ ತೆಗೆದುಹಾಕಿದರೆ ಅವರು ಹೊಣೆಗಾರರಲ್ಲ. ಅವರಿಗೆ ಕಾಗದ ಹೋಗುತ್ತದೆ, ಇವನಿಗೆ ಜೀಪು ಬರುತ್ತದೆ.

ಅಂಗಡಿಯ ಬಂಧುಗಳು ಹಣ ಪಡೆದು ಹಾಡು, ಸಿನೆಮಾ ತುಂಬುವ ಕೆಲಸವನ್ನು ಇಂದೇ ಬಿಡುವುದು ಮೇಲು. ರಿಪೇರಿ, ರೀಚಾರ್ಜುಗಳಿಗೆ ಯಾರ ಅಡ್ಡಿಯೂ ಇಲ್ಲ. ಪೋಲೀಸರು ಬಂದು ಕಂಪ್ಯೂಟರನ್ನು ಒಯ್ದರೆ, ಏನೇನು ಒಯ್ದರೆಂಬುದನ್ನು ಪಂಚರ ಮುಂದೆ ಬರೆಸಿ ಪ್ರತಿ ಕೇಳಿರಿ. ಖಾಲಿ ಕಾಗದಕ್ಕೆ ಸಹಿ ಹಾಕಬೇಡಿರಿ. ಗೂಂಡಾ ಕಾಯಿದೆಯಿಂದ ಈ ಒಂದು ವರ್ಗವನ್ನು ತೆಗೆಯಿಸುವುದಕ್ಕೆ ವಿಧಾನಸಭೆಯಲ್ಲಿ ಬಾಯಿ ಬಿಡುವಿರಾ ಇಲ್ಲವಾ ಎಂದು ಬಸವಕಲ್ಯಾಣ, ಹುಮನಾಬಾದುಗಳಲ್ಲಿ ಓಟು ಕೇಳಲು ಬರುವ ಪ್ರತಿಯೊಬ್ಬ ಉಮೇದುವಾರನನ್ನೂ ಅಂಗಡಿ ಕಟ್ಟೆಯ ಮೇಲೆಯೇ ಕೂರಿಸಿ ಕೇಳಬೇಕು. ನಮ್ಮ ಪಕ್ಷದವನು ಬಂದರೆ ಅವನನ್ನೂ ಕೇಳಿರಿ.